ಜೀರುಂಡೆ ಅಕ್ಷರ

ರಷ್ಯನ್ ವರ್ಣಮಾಲೆಯಲ್ಲಿ 33 ಅಕ್ಷರ. ಅದರಲ್ಲಿ ಒಂದು ನೋಡೋಕೆ ಥೇಟ್ ಜೀರುಂಡೆ. ನಡುವೆ ನೆಟ್ಟಗೆ ಒಂದು ಕಡ್ಡಿ, ಎರಡೂ ಪಕ್ಕಕ್ಕೆ ಎರಡೆರಡು ಕಾಲು. ಅಲ್ಲಿನ ಮಕ್ಕಳ ಅಕ್ಷರದ ಪುಸ್ತಕದಲ್ಲೂ ಅದರ ಪಕ್ಕ ಜೀರುಂಡೆಯ ಚಿತ್ರವೇ ಇರುತ್ತದೆ. ಜೀರುಂಡೆಗೆ ಅವರು 'ಝೂಕ್' ಅನ್ನುತ್ತಾರೆ, ಆ ಪದ ಶುರುವಾಗುವುದೇ ಈ ಅಕ್ಷರದಿಂದ. ಅದರ ಉಚ್ಚಾರಣೆ ನಮ್ಮ 'ಝ'ಕ್ಕೂ 'ಷ'ಕ್ಕೂ ನಡುವೆ ಎಲ್ಲೋ ಇದೆ, ದುಂಬಿ ಗುಂಯ್‌ಗುಟ್ಟಿದ ಹಾಗೆ. ನಾನು ಅದನ್ನು ಕಲಿತದ್ದು ಬಸ್ ನಿಲ್ದಾಣದ ಶೌಚಾಲಯದಲ್ಲಿ. ಬಾಗಿಲ ಮೇಲೆ ಅದೊಂದೇ ಅಕ್ಷರ ಬರೆದಿತ್ತು. ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ಅದು 'ಹೆಂಗಸರು' ಅನ್ನೋದರ ಮೊದಲ ಅಕ್ಷರ ಅಂತ. ಅಲ್ಲಿದ್ದ ಅಜ್ಜಿಯೊಬ್ಬರು ಬಕೆಟ್ ಸಮೇತ ಬೆನ್ನಟ್ಟಿದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ಅಕ್ಷರ ಮುಂದೆ ಎರಡು ತಿಂಗಳು ನನ್ನನ್ನು ಆಫೀಸಿನಿಂದ ಆಫೀಸಿಗೆ ಅಲೆಸಿತು.

ನನ್ನ ಹೆಸರು ಜಗದೀಶ. ರಾಣೆಬೆನ್ನೂರಿನವನು. 2023ರ ಸೆಪ್ಟೆಂಬರಿನಲ್ಲಿ ಮೆಡಿಕಲ್ ಓದೋಕೆ ವೋಲ್ಗಾ ನದಿ ದಂಡೆಯ ಒಂದು ಊರಿಗೆ ಹೋದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರಿದೆ, ಹೊನ್ನಪ್ಪ. ನಮ್ಮ ಮನೆಯಲ್ಲಿ ಅಡ್ಡಹೆಸರು ಅಂತ ಬಳಸಿದವರಿಲ್ಲ. ಇನಿಷಿಯಲ್ ಹಾಕ್ತೀವಿ, ಮುಗೀತು. ಫಾರಂ ಕೇಳಿತು, ಅಪ್ಪನ ಹೆಸರು ತುಂಬಿದೆವು.

ಸಮಸ್ಯೆ 'ಜ'ದ್ದು. ರಷ್ಯನ್ನರಲ್ಲಿ 'ಜ' ಅನ್ನೋ ಒಂಟಿ ಅಕ್ಷರ ಇಲ್ಲ. 'ದ್' ಬರೆದು ಪಕ್ಕದಲ್ಲಿ ಜೀರುಂಡೆ ಕೂರಿಸಿದರೆ 'ಜ' ಆಗುತ್ತದೆ. ಚೆನ್ನೈನ ರಷ್ಯನ್ ಕಾನ್ಸುಲೇಟಿನಲ್ಲಿ ಕೊಟ್ಟ ವೀಸಾದಲ್ಲಿ ಹಾಗೇ ಎರಡು ಅಕ್ಷರ ಇತ್ತು. ಅದಕ್ಕೂ ಮೊದಲು ಏಜೆಂಟ್ ಕಡೆಯಿಂದ ಪಿಯುಸಿ ಅಂಕಪಟ್ಟಿ ಅನುವಾದ ಮಾಡಿಸಿದ್ದೆವಲ್ಲ, ಅದರಲ್ಲಿ ಮಾತ್ರ 'ದ್' ಇರಲಿಲ್ಲ. ಬರೀ ಜೀರುಂಡೆ. ಝಗದೀಶ. ಆಗ ನನಗೆ ರಷ್ಯನ್ ಓದೋಕೆ ಬರುತ್ತಿರಲಿಲ್ಲ. ಮೊಹರು ಇದೆಯಾ, ಇದೆ. ಸಹಿ ಇದೆಯಾ, ಇದೆ. ಸರಿ ಅಂದುಕೊಂಡು ಫೈಲಿಗೆ ಹಾಕಿದೆ.

ಇಳಿದ ಕೂಡಲೇ ಸಣ್ಣ ಸಣ್ಣ ಚೀಟಿಗಳ ಕಾಟ ಶುರು. ಪಾಸ್‌ಪೋರ್ಟ್ ತಪಾಸಣೆಯಲ್ಲಿ ಕೈಗೆ ಬರುವುದು ಮೈಗ್ರೇಷನ್ ಕಾರ್ಡ್. ಹೆಸರು ಕಾರ್ಡ್, ನೋಡೋಕೆ ತೆಳ್ಳಗಿನ ಕಾಗದದ ಚೂರು. ಹಾಸ್ಟೆಲಿನಲ್ಲಿ ಹುಬ್ಬಳ್ಳಿ ಕಡೆಯ ಸೀನಿಯರ್ ಒಬ್ಬರಿದ್ದರು, ನಾಲ್ಕನೇ ವರ್ಷ. ಮೊದಲ ದಿನವೇ ಹೇಳಿದರು. "ತಮ್ಮಾ, ಪಾಸ್‌ಪೋರ್ಟ್ ಕಳಕೊಂಡರ ಎಂಬಸಿ ಐತಿ. ಈ ಚೀಟಿ ಕಳಕೊಂಡಿ ಅಂದ್ರ ದೇವ್ರೇ ಗತಿ." ಏಳು ಕೆಲಸದ ದಿನದೊಳಗೆ ವಾಸದ ನೋಂದಣಿ ಆಗಬೇಕು. ಅದನ್ನು ಹಾಸ್ಟೆಲಿನವರೇ ಮಾಡಿದರು. ಅದರದ್ದೊಂದು ಹರಿದ ಚೀಟಿ, ಮೇಲೆ ಮೊಹರು. ಆಗಿನ ನಿಯಮದಂತೆ 90 ದಿನದೊಳಗೆ ವೈದ್ಯಕೀಯ ತಪಾಸಣೆ ಮತ್ತು ಬೆರಳಚ್ಚು ಆಗಬೇಕಿತ್ತು. ಜಾಸ್ತಿ ದಿನ ಉಳಿಯೋ ವಿದೇಶಿಯರಿಗೆಲ್ಲ ಇದು 2021ರ ಡಿಸೆಂಬರ್ ಕೊನೆಯಿಂದ ಕಡ್ಡಾಯ. ಎದೆಯ ಎಕ್ಸ್‌ರೇ ತೆಗೆದರು. ಎಚ್‌ಐವಿ, ಕ್ಷಯ, ಸಿಫಿಲಿಸ್ ಜೊತೆಗೆ ಕುಷ್ಠ ಇದೆಯಾ ಅಂತಲೂ ನೋಡಿದರು. ಚರ್ಮದ ಡಾಕ್ಟರ್ ನನ್ನ ಬೆನ್ನು ನೋಡಿದ್ದು ಮೂರು ಸೆಕೆಂಡ್, ಮೊಹರು ಹೊಡೆಯೋಕೆ ತಗೊಂಡದ್ದು ಒಂದು ನಿಮಿಷ. ಪೆಟ್ಟಿಗೆ ತೆಗೆದು, ಮೊಹರಿಗೆ ಬಾಯಿಂದ ಹಾ ಅಂತ ಉಸಿರು ಊದಿ, ಹಾಳೆಯ ಮೂಲೆಗೆ ಒತ್ತಿ, ಬೆಳಕಿಗೆ ಹಿಡಿದು ನೋಡಿ ಕೊಟ್ಟರು.

ಈ ಮೊಹರುಗಳಲ್ಲೂ ಜಾತಿ ಇದೆ. ದುಂಡನೆಯದು ಇದೆ, ತ್ರಿಕೋನದ್ದು ಇದೆ, ಡಾಕ್ಟರರ ಸ್ವಂತದ್ದು ಬೇರೆ. ಕೆಲವು ಸರ್ಟಿಫಿಕೇಟಿಗೆ ಮೂರೂ ಬೇಕು. ಶಾಯಿ ನೀಲಿ ಇರಬೇಕು, ಕಪ್ಪಾದರೆ ಜೆರಾಕ್ಸ್ ಅಂತ ಅನುಮಾನ. ಅಸಲಿ ಮೊಹರಿಗೆ ಅವರು 'ಒದ್ದೆ ಮೊಹರು' ಅನ್ನುತ್ತಾರೆ. 2015ರಲ್ಲಿ ಕಾನೂನು ಬದಲಾಯಿಸಿ ಕಂಪನಿಗಳಿಗೆ ಮೊಹರು ಕಡ್ಡಾಯ ಅಲ್ಲ ಅಂತ ಮಾಡಿದ್ದಾರೆ. ಆದರೂ ಮೊಹರಿಲ್ಲದ ಕಾಗದ ಕೊಟ್ಟರೆ ಜನ ಅದನ್ನು ತಿರುಗಿಸಿ ಹಿಂದೆ ನೋಡುತ್ತಾರೆ, ಅಲ್ಲೇನಾದರೂ ಇದೆಯಾ ಅಂತ.

ನನ್ನ ವೀಸಾ ಮೂರು ತಿಂಗಳದ್ದು. ಆಗ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಹಾಗೇ ಕೊಡುತ್ತಿದ್ದರು, ಅಲ್ಲಿ ಹೋಗಿ ಉದ್ದ ಮಾಡಿಸಿಕೊಳ್ಳಬೇಕಿತ್ತು. ಯುನಿವರ್ಸಿಟಿ ಒಂದು ಶಿಫಾರಸು ಪತ್ರ ಕೊಡುತ್ತದೆ. ಅದರ ಜೊತೆ ಪಾಸ್‌ಪೋರ್ಟ್, ನೋಟರಿ ಮಾಡಿಸಿದ ಅನುವಾದ, ಫೋಟೊ, ಆಗಿನ 1600 ರೂಬಲ್ ಶುಲ್ಕದ ರಸೀದಿ, ಚೀಟಿಗಳೆಲ್ಲ ಹಿಡಿದು ವಲಸೆ ಇಲಾಖೆಗೆ ಹೋಗಬೇಕು. ಆ ಇಲಾಖೆಗೆ ಎಲ್ಲರೂ 'ಎಫ್‌ಎಂಎಸ್' ಅನ್ನುತ್ತಾರೆ. ಆ ಹೆಸರಿನ ಇಲಾಖೆ 2016ರಲ್ಲೇ ಮುಚ್ಚಿ ಪೊಲೀಸರನ್ನು ನೋಡಿಕೊಳ್ಳುವ ಗೃಹ ಸಚಿವಾಲಯದೊಳಗೆ ಸೇರಿಹೋಗಿದೆ. ಜನರ ಬಾಯಲ್ಲಿ ಮಾತ್ರ ಇನ್ನೂ ಇದೆ.

ಅಕ್ಟೋಬರ್ ಕೊನೆಯ ವಾರ ಬೆಳಿಗ್ಗೆ ಆರೂವರೆಗೆ ಹೋದೆ. ಕತ್ತಲು, ಮೈನಸ್ ಎರಡೋ ಮೂರೋ. ಬಾಗಿಲಲ್ಲಿ ಇಪ್ಪತ್ತು ಜನ ಆಗಲೇ ಇದ್ದರು. ಸಾಲಿಲ್ಲ, ಅಲ್ಲಿ ಇಲ್ಲಿ ನಿಂತಿದ್ದಾರೆ. ನಮ್ಮ ಕಡೆಯ ಹಾಗೆ ಹೋಗಿ ಬಾಗಿಲಿಗೆ ಆತುಕೊಂಡು ನಿಂತೆ. ತಾಜಿಕ್ ಗಂಡಸೊಬ್ಬರು ತೋಳು ಹಿಡಿದು ಪಕ್ಕಕ್ಕೆ ಕರೆದು, ಇಲ್ಲಿ ಬಂದ ತಕ್ಷಣ ಕೇಳಬೇಕಾದ್ದು ಒಂದೇ ಮಾತು ಅಂತ ಕಲಿಸಿದರು. "ಕ್ತೊ ಪೊಸ್ಲೇದ್ನಿ?" ಕೊನೆಯವರು ಯಾರು? ಯಾರೋ ಕೈ ಎತ್ತುತ್ತಾರೆ. "ನಾನು ನಿಮ್ಮ ಹಿಂದೆ" ಅಂತ ಹೇಳಿ, ಆ ಮುಖ ನೆನಪಿಟ್ಟುಕೊಂಡರೆ ಆಯಿತು. ಆಮೇಲೆ ಟೀ ಕುಡಿಯೋಕೂ ಹೋಗಬಹುದು. ಸಾಲು ಕಣ್ಣಿಗೆ ಕಾಣಲ್ಲ, ಆದರೆ ಎಲ್ಲರ ತಲೆಯಲ್ಲೂ ಇದೆ. ಇದಲ್ಲದೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು, ಅದರಲ್ಲಿ ಕೈಬರಹದ ಹೆಸರುಗಳು. ಅದನ್ನು ಆಫೀಸಿನವರು ಇಟ್ಟದ್ದಲ್ಲ, ಬೆಳಗಿನ ನಾಲ್ಕಕ್ಕೆ ಬಂದ ಮೊದಲ ವ್ಯಕ್ತಿ ಇಟ್ಟದ್ದು. ಒಂಬತ್ತಕ್ಕೆ ಬಾಗಿಲು ತೆಗೆದರೆ ಒಳಗೆ ಟೋಕನ್ ಮಷೀನ್ ಬೇರೆ. ಅಂದರೆ ಮಷೀನಿನ ಸಾಲು, ಹಾಳೆಯ ಸಾಲು, ತಲೆಯೊಳಗಿನ ಸಾಲು. ಮೂರೂ ತಾಳೆಯಾಗದಿದ್ದಾಗ ಆಗುವ ಜಗಳ ಕೇಳಬೇಕು ನೀವು.

ಇವೆಲ್ಲಕ್ಕೂ ಮೇಲೆ ಒಬ್ಬರಿರುತ್ತಾರೆ. ಸೀದಾ ಬಂದು "ನಾನು ಸುಮ್ನೆ ಒಂದು ಮಾತು ಕೇಳಬೇಕಷ್ಟೆ" ಅಂತ ಒಳಗೆ ನುಗ್ಗುವವರು. ಇವರು ಅರ್ಧ ಗಂಟೆ ಹೊರಗೆ ಬರಲ್ಲ.

ಹನ್ನೊಂದೂವರೆಗೆ ಒಳಗಿಂದ ಕೂಗು ಬಂತು. "ಖೊನ್ನಾಪ್ಪಾ!" ನಾನು ಹಾಗೇ ಕೂತಿದ್ದೆ. ಎರಡನೇ ಸಲ ಕೂಗಿದಾಗ ಹೊಳೆಯಿತು, ಇವರು ನಮ್ಮಪ್ಪನನ್ನು ಕರೆಯುತ್ತಿದ್ದಾರೆ ಅಂತ.

ಕಿಟಕಿಯ ಎತ್ತರ ನನ್ನ ಹೊಟ್ಟೆಯಷ್ಟು. ಮಾತಾಡಬೇಕಾದರೆ ಬಾಗಲೇಬೇಕು. ಒಳಗೆ ನಲವತ್ತು ದಾಟಿದ ಹೆಂಗಸು, ಸಮವಸ್ತ್ರ, ಕನ್ನಡಕ ಮೂಗಿನ ತುದಿಗೆ. ಪಕ್ಕದಲ್ಲಿ ಕಳ್ಳಿ ಗಿಡದ ಸಣ್ಣ ಕುಂಡ. ಯುನಿವರ್ಸಿಟಿ ಪತ್ರದ ಮೇಲೆ ಒಂದು ಬೆರಳು, ಪಾಸ್‌ಪೋರ್ಟ್ ಅನುವಾದದ ಮೇಲೆ ಇನ್ನೊಂದು ಬೆರಳು ಇಟ್ಟು ಎರಡನ್ನೂ ಒಟ್ಟಿಗೆ ಸರಿಸಿಕೊಂಡು ಹೋದರು. ಒಂದು ಕಡೆ ಬೆರಳು ನಿಂತಿತು.

"ಇವರು ಯಾರು?"

"ನಾನು."

"ಇವರು?"

"ಅದೂ ನಾನೇ."

"ಇವರು ದ್ಝಗದೀಶ್. ಇವರು ಝಗದೀಶ್. ಇಬ್ಬರು."

ಪತ್ರ ಬರೆದದ್ದು ಪ್ರವೇಶದ ಆದೇಶ ನೋಡಿ, ಆದೇಶ ಬರೆದದ್ದು ಅಂಕಪಟ್ಟಿಯ ಅನುವಾದ ನೋಡಿ. ಅಲ್ಲಿ 'ದ್' ಇಲ್ಲ. ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್ ಒಂದೇ ಇದೆಯಲ್ಲ, ಫೋಟೊ ಒಂದೇ ಅಲ್ವಾ, ಅಂತ ನನ್ನ ಹರಕು ರಷ್ಯನ್ನಿನಲ್ಲಿ ಗೋಳಾಡಿದೆ. ಅವರು ಸಿಟ್ಟಾಗಲಿಲ್ಲ. ಕಾಗದ ಜೋಡಿಸಿ, ಅಂಚು ಕುಟ್ಟಿ ಸರಿ ಮಾಡಿ ವಾಪಸ್ ತಳ್ಳಿದರು. ಆದೇಶ ಸರಿ ಮಾಡಿಸಿಕೊಂಡು ಬನ್ನಿ, ಇವತ್ತಿಗೆ ಮುಗೀತು.

ವೀಸಾ ಮುಗಿಯೋಕೆ ಏಳು ವಾರ ಇತ್ತು. ಅವಧಿ ಮೀರಿ ಉಳಿದರೆ ದಂಡ, ಕೋರ್ಟು, ಗಡೀಪಾರು ತನಕ ಹೋಗಬಹುದು. ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿದೆ. "ಅಲ್ಲೂ ತಹಶೀಲ್ದಾರ್ ಆಫೀಸ್ ಐತೇನಪಾ?" ಅಂದಳು. ಅಪ್ಪ ಪಕ್ಕದಲ್ಲಿದ್ದ. ಅವನಿಗೆ ಖುಷಿಯಾದ ವಿಷಯ ಬೇರೆಯದು. "ನನ್ನ ಹೆಸರು ರಷ್ಯಾದಾಗ ಕೂಗಿದ್ರಂತ?"

ನಮಗೆ ರಷ್ಯನ್ ಕಲಿಸುತ್ತಿದ್ದವರು ಅರವತ್ತು ದಾಟಿದ ಹೆಂಗಸು. ಟೀಚರ್ ಅಂತಲೇ ಕರೀತೀನಿ. ಮಾರನೇ ದಿನ ಕ್ಲಾಸಿನಲ್ಲಿ ನನ್ನ ಮುಖ ನೋಡಿ ವಿಚಾರಿಸಿದರು. ಹೇಳಿದೆ. ನಗಲಿಲ್ಲ. ಬೋರ್ಡಿನ ಮೇಲೆ ಒಂದು ಗಾದೆ ಬರೆದು ನನ್ನ ಕೈಯಲ್ಲೇ ಓದಿಸಿದರು. ಲೇಖನಿಯಲ್ಲಿ ಬರೆದದ್ದನ್ನು ಕೊಡಲಿಯಲ್ಲೂ ಕಡಿಯೋಕಾಗಲ್ಲ. ಅವತ್ತು ವ್ಯಾಕರಣ ಆಗಲಿಲ್ಲ. ಅವರು ಹೇಳುತ್ತಾ ಹೋದರು, ನಾನು ನೋಟ್ಸ್ ಬರೆದುಕೊಂಡೆ.

ಆದೇಶಕ್ಕೆ ರಷ್ಯನ್ನಿನಲ್ಲಿ 'ಪ್ರಿಕಾಸ್'. ನನ್ನನ್ನು ಕಾಡುತ್ತಿದ್ದ ಪ್ರವೇಶದ ಆದೇಶವೂ ಪ್ರಿಕಾಸೇ. ಹದಿನಾರು, ಹದಿನೇಳನೇ ಶತಮಾನದ ಮಾಸ್ಕೋದಲ್ಲಿ ಅದೇ ಪದ ಒಂದು ಇಲಾಖೆಯ ಹೆಸರಾಗಿತ್ತು. ವಿದೇಶಾಂಗಕ್ಕೆ ಒಂದು ಪ್ರಿಕಾಸ್, ಅಂಚೆಗಾಡಿಗಳಿಗೆ ಒಂದು, ಹೀಗೆ ಡಜನ್‌ಗಟ್ಟಲೆ. ತ್ಸಾರ್ ಒಂದು ಕೆಲಸ ವಹಿಸಿದ, ಅದನ್ನು ನೋಡಿಕೊಳ್ಳೋಕೆ ಒಂದು ಆಫೀಸ್ ಹುಟ್ಟಿತು, ಅಷ್ಟೇ. ಅದನ್ನು ನಡೆಸುವವನು ದ್ಯಾಕ್, ಅವನ ಕೆಳಗೆ ಬರೆಯುವ ಗುಮಾಸ್ತರು. ಆಗ ಫೈಲ್ ಇರಲಿಲ್ಲ. ಉದ್ದನೆಯ ಕಾಗದದ ಪಟ್ಟಿಗಳನ್ನು ಒಂದರ ಕೆಳಗೊಂದು ಅಂಟಿಸಿ ಸುರುಳಿ ಸುತ್ತುತ್ತಿದ್ದರು. 1649ರ ಕಾನೂನು ಸಂಹಿತೆಯ ಮೂಲ ಪ್ರತಿ ಹೀಗೇ ಅಂಟಿಸಿದ ಸುರುಳಿ. ಉದ್ದ 309 ಮೀಟರ್, 950ಕ್ಕೂ ಹೆಚ್ಚು ಪಟ್ಟಿ. ನಡುವಿನಿಂದ ಯಾರಾದರೂ ಒಂದು ಪಟ್ಟಿ ಕಿತ್ತು ಬೇರೆಯದು ಸೇರಿಸಿದರೆ? ಅದಕ್ಕೂ ಉಪಾಯ ಇತ್ತು. ದ್ಯಾಕ್ ತನ್ನ ಸಹಿಯನ್ನು ಹಿಂಭಾಗದಲ್ಲಿ, ಪ್ರತಿ ಅಂಟಿನ ಮೇಲೆ ಒಂದೊಂದೇ ತುಂಡಾಗಿ ಬರೆಯುತ್ತಾ ಹೋಗುತ್ತಿದ್ದ. ಅವನ ಹೆಸರು ಪೂರ್ತಿ ಓದಬೇಕಾದರೆ ಸುರುಳಿ ಬಿಚ್ಚುತ್ತಾ ಹೋಗಬೇಕು.

ಕೆಲಸ ಎಳೆದಾಡುವುದಕ್ಕೆ ಅವರ ಪದ 'ವೊಲೊಕೀತ'. ಎಳೆ, ದರದರ ಎಳೆ ಅನ್ನೋ ಕ್ರಿಯಾಪದದಿಂದ ಬಂದದ್ದು. ಅದೇ 1649ರ ಸಂಹಿತೆಯಲ್ಲಿ ಲಾಭಕ್ಕೋಸ್ಕರ ವ್ಯಾಜ್ಯ ಎಳೆದವರಿಗೆ ಹೊಡೆತದ ಶಿಕ್ಷೆ ಇದೆ. ದ್ಯಾಕ್ ಆದರೆ ಕೋಲಿನಿಂದ, ಕೆಳಗಿನ ಗುಮಾಸ್ತ ಆದರೆ ಚಾಟಿಯಿಂದ. ಪೆಟ್ಟಿನಲ್ಲೂ ದರ್ಜೆ.

ಅರ್ಜಿಗೆ ಆಗ 'ಚೆಲೊಬೀತ್ನಯ' ಅನ್ನುತ್ತಿದ್ದರಂತೆ. ಚೆಲೊ ಅಂದರೆ ಹಣೆ, ಬೀತ್ ಅಂದರೆ ಹೊಡೆ. ಹಣೆ ನೆಲಕ್ಕೆ ಬಡಿದು ಕೊಡುವ ಕಾಗದ. ನಾನು ಆ ಕಿಟಕಿ ನೆನೆಸಿಕೊಂಡೆ. ಹೊಟ್ಟೆ ಎತ್ತರಕ್ಕೆ ಯಾಕಿಟ್ಟಿದ್ದಾರೆ ಅಂತ ಸ್ವಲ್ಪ ಅರ್ಥವಾದ ಹಾಗಾಯಿತು.

ನಾನು ಹಣೆ ಬಡಿಯೋಕೆ ಶುರು ಮಾಡಿದ್ದು ಡೀನ್ ಆಫೀಸಿನಿಂದ. ಮೊದಲು ಕೈಬರಹದ ಅರ್ಜಿ. ಬಲಗಡೆ ಮೇಲಿನ ಮೂಲೆಯಲ್ಲಿ ಯಾರಿಗೆ, ಯಾರಿಂದ ಅಂತ ಬರೆಯಬೇಕು, ವಿಭಕ್ತಿ ತಪ್ಪಬಾರದು. ಹಾಳೆಯ ನಡುವೆ 'ಅರ್ಜಿ' ಅನ್ನೋ ಪದ. ಅದನ್ನು ಚಿಕ್ಕ ಅಕ್ಷರದಿಂದ ಶುರು ಮಾಡಿ ಕೊನೆಗೆ ಚುಕ್ಕಿ ಇಡಬೇಕೋ, ದೊಡ್ಡ ಅಕ್ಷರದಿಂದ ಶುರು ಮಾಡಿ ಚುಕ್ಕಿ ಬಿಡಬೇಕೋ ಅನ್ನೋದು ಆ ದೇಶದ ತೀರದ ವ್ಯಾಜ್ಯ. ನನ್ನ ಅರ್ಜಿಯನ್ನು ಒಬ್ಬರು ಚುಕ್ಕಿ ಇಲ್ಲ ಅಂತ ವಾಪಸ್ ಕೊಟ್ಟರು. ಚುಕ್ಕಿ ಇಟ್ಟು ತಂದರೆ ಪಕ್ಕದ ಮೇಜಿನವರು ಚುಕ್ಕಿ ಯಾಕೆ ಅಂದರು. ಅವರಿಬ್ಬರೇ ಹತ್ತು ನಿಮಿಷ ವಾದ ಮಾಡಿಕೊಂಡರು. ಅಷ್ಟರಲ್ಲಿ ಊಟದ ಹೊತ್ತಾಯಿತು, ಬಾಗಿಲು ಹಾಕಿದರು.

ಡೀನ್ ಆಫೀಸಿನಿಂದ ವಿದೇಶಿ ವಿದ್ಯಾರ್ಥಿಗಳ ವಿಭಾಗ. ಅಲ್ಲಿಂದ ಸಿಬ್ಬಂದಿ ವಿಭಾಗ. ಅಲ್ಲಿ ಒಂದು ತಮಾಷೆ ನಡೆಯಿತು. ಆದೇಶದಲ್ಲಿ ಹೆಸರು ಬದಲಾಯಿಸೋಕೆ ಅವರ ಹತ್ತಿರ ಒಂದು ನಮೂನೆ ಇದೆ. ಬದಲಾವಣೆಗೆ ಆಧಾರ ಅನ್ನೋ ಕಡೆ ಮೊದಲೇ ಅಚ್ಚಾಗಿದೆ: ಮದುವೆ ಸರ್ಟಿಫಿಕೇಟ್ ನಂಬರ್ ಇಷ್ಟು, ತಾರೀಖು ಇಷ್ಟು. ಅಲ್ಲಿ ಹುಡುಗಿಯರು ಮದುವೆಯಾಗಿ ಹೆಸರು ಬದಲಾಯಿಸಿಕೊಂಡಾಗ ಬಳಸುವ ನಮೂನೆ ಅದು. ಇನ್ನೊಂದು ನಮೂನೆ ಇಲ್ಲ. ಕುರ್ಚಿಯಲ್ಲಿದ್ದ ಹುಡುಗಿ ನನ್ನನ್ನೇ ನೋಡಿದಳು.

"ನಿಮಗೆ ಮದುವೆ ಆಗಿದೆಯಾ?"

"ಇಲ್ಲ."

"ಆಗೋ ಯೋಚನೆ?"

ಕೇಳಿದ್ದು ಗಂಭೀರವಾಗಿಯೇ. ನನ್ನ ಕೆಲಸ ಸುಲಭ ಮಾಡಬೇಕು ಅನ್ನೋ ಒಳ್ಳೆ ಮನಸ್ಸಿನಿಂದ.

ಅವಳು ಮೇಲಿನವರನ್ನು ಕೇಳಬೇಕು, ಅವರು ವಕೀಲರನ್ನು ಕೇಳಬೇಕು. ಅದರ ನಡುವೆ ನವೆಂಬರ್ 4ರ ರಾಷ್ಟ್ರೀಯ ಹಬ್ಬ ಬಂತು. ಆ ವರ್ಷ ಅದು ಶನಿವಾರ ಬಿದ್ದದ್ದರಿಂದ ಸೋಮವಾರವೂ ರಜೆ. ಮೂರು ದಿನ ಹೋಯಿತು. ಹೊರಗೆ ಹಿಮ ಬೀಳೋಕೆ ಶುರುವಾಯಿತು. ನಾನು ಹಾಸ್ಟೆಲಿನ ಕಿಟಕಿ ಪಕ್ಕ ಕೂತು, ನಮ್ಮ ಟೀಚರ್ ಕೊಟ್ಟ ಹಾಳೆ ಓದುತ್ತಿದ್ದೆ. ಪೀಟರ್ ದೊರೆ 1722ರಲ್ಲಿ ಇಡೀ ಸರ್ಕಾರಿ ನೌಕರಿಯನ್ನು 14 ದರ್ಜೆಗಳ ಏಣಿ ಮಾಡಿದ. ಕೆಳಗಿನ ಮೆಟ್ಟಿಲಿನವನಿಗೆ ಒಂದು ಗೌರವದ ಮಾತು, ನಡುವಿನವನಿಗೆ ಇನ್ನೊಂದು, ಮೇಲಿನವನಿಗೆ ಮತ್ತೊಂದು. ತಪ್ಪಿ ಕೆಳಗಿನ ಮಾತು ಬಳಸಿದರೆ ಅವಮಾನ. ಏಣಿ ಹತ್ತಿ ಎಂಟನೇ ದರ್ಜೆಗೆ ಬಂದವನು ವಂಶಪಾರಂಪರ್ಯದ ಕುಲೀನ ಆಗಿಬಿಡುತ್ತಿದ್ದ. ಹುಟ್ಟಿನಿಂದ ಬರದ ದೊಡ್ಡಸ್ತಿಕೆ ನೌಕರಿಯಿಂದ ಬರುತ್ತೆ ಅಂದರೆ ಯಾರು ಬಿಡುತ್ತಾರೆ! 1917ರ ಕ್ರಾಂತಿಯಲ್ಲಿ ಆ ಏಣಿ ಕಿತ್ತುಹಾಕಿದರು. ಈಗಿನ ರಷ್ಯಾದ ಸರ್ಕಾರಿ ನೌಕರರಿಗೂ ಮತ್ತೆ ದರ್ಜೆಯ ಬಿರುದುಗಳಿವೆ, 'ಸಲಹೆಗಾರ' ಅನ್ನೋ ಹಳೇ ಪದವೂ ಅದರಲ್ಲಿ ವಾಪಸ್ ಬಂದಿದೆ.

ನನಗೆ ಇನ್ನೂ ಇಷ್ಟವಾದದ್ದು ಛಾಪಾ ಕಾಗದದ ಕಥೆ. ನಮ್ಮಲ್ಲಿ ಜಮೀನು ಮಾರಿದವರಿಗೆಲ್ಲ ಛಾಪಾ ಕಾಗದ ಗೊತ್ತು. ರಷ್ಯಾಕ್ಕೆ ಅದು ಬಂದದ್ದು 1699ರಲ್ಲಿ, ಒಬ್ಬ ಜೀತದ ಆಳಿನ ತಲೆಯಿಂದ. ಅಲೆಕ್ಸೆಯ್ ಕುರ್ಬಾತೊವ್ ಅಂತ, ಶೆರೆಮೆತೆವ್ ಅನ್ನೋ ದೊಡ್ಡ ಮನೆತನದ ಆಳು. ಅರ್ಜಿ ಬರೆಯೋ ಕಾಗದಕ್ಕೆ ಹದ್ದಿನ ಮುದ್ರೆ ಹಾಕಿ ಮಾರಿದರೆ ಖಜಾನೆಗೆ ಸುಮ್ನೆ ದುಡ್ಡು ಬರುತ್ತದೆ ಅಂತ ಹೆಸರಿಲ್ಲದ ಪತ್ರ ಬರೆದ. ಯುದ್ಧಕ್ಕೆ ದುಡ್ಡು ಹುಡುಕುತ್ತಿದ್ದ ಪೀಟರನಿಗೆ ಇದು ಹಿಡಿಸಿತು. ಕುರ್ಬಾತೊವನನ್ನು ಜೀತದಿಂದ ಬಿಡಿಸಿ ದ್ಯಾಕ್ ಮಾಡಿದ. ಆಳಾಗಿದ್ದವನು ಆಮೇಲೆ ಅಧಿಕಾರಿಯಾಗಿ ಬೇರೆಯವರಿಂದ ಅರ್ಜಿ ತಗೊಂಡ.

ಹಬ್ಬ ಮುಗಿದ ಮೇಲೆ ಉತ್ತರ ಬಂತು. ಮದುವೆ ಸರ್ಟಿಫಿಕೇಟ್ ಬದಲು ಹೊಸ ಅನುವಾದ ಆಧಾರ ಮಾಡಬಹುದು. ಆದರೆ ಅಂಕಪಟ್ಟಿಯನ್ನೂ ಪಾಸ್‌ಪೋರ್ಟನ್ನೂ ಒಬ್ಬನೇ ಅನುವಾದಕ, ಒಂದೇ ಕಾಗುಣಿತದಲ್ಲಿ ಮಾಡಿ, ನೋಟರಿ ಹಾಕಿಸಿ ತರಬೇಕು.

ನೋಟರಿ ಆಫೀಸಿನಲ್ಲಿ ಕಂಡದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅನುವಾದಕ ಹುಡುಗ ಹೆಸರನ್ನು ಮೂರು ಸಲ ಕೇಳಿಸಿಕೊಂಡ. 'ಹೊನ್ನಪ್ಪ'ದಲ್ಲಿ ನ ಎರಡಾ, ಪ ಎರಡಾ ಅಂತ ಕೇಳಿದ. 'ಹ' ಅವರಲ್ಲಿಲ್ಲ, 'ಖ' ಹಾಕುತ್ತಾರೆ. ಹಳಬರು 'ಗ' ಹಾಕುತ್ತಿದ್ದರಂತೆ. ಪುಣ್ಯ, ಅಪ್ಪ ಗೊನ್ನಪ್ಪ ಆಗಲಿಲ್ಲ. ಆಮೇಲೆ ನೋಟರಿಯ ಸಹಾಯಕಿ ಅಂಕಪಟ್ಟಿಯ ಜೆರಾಕ್ಸನ್ನೂ ಅನುವಾದದ ಹಾಳೆಗಳನ್ನೂ ಜೋಡಿಸಿ, ಎಡ ಅಂಚಿನಲ್ಲಿ ದಬ್ಬಣದಿಂದ ತೂತು ಮಾಡಿದಳು. ದಪ್ಪ ಸೂಜಿಗೆ ದಾರ ಪೋಣಿಸಿ ಹೊಲಿದಳು. ನಿಜವಾಗಿಯೂ ಹೊಲಿದಳು, ಅವ್ವ ಕೌದಿ ಹೊಲಿದ ಹಾಗೆ. ಹಿಂದೆ ಗಂಟು ಹಾಕಿ, ದಾರದ ಎರಡು ತುದಿ ಬಿಟ್ಟು, ಗಂಟಿನ ಮೇಲೆ ಒಂದು ಚೌಕದ ಕಾಗದ ಅಂಟಿಸಿದಳು. ಅದರಲ್ಲಿ ಬರೆದಿತ್ತು: ಹೊಲಿದಿದೆ, ನಂಬರ್ ಹಾಕಿದೆ, ಮೊಹರಿನಿಂದ ಬಿಗಿದಿದೆ, ಒಟ್ಟು ಇಷ್ಟು ಹಾಳೆ. ನೋಟರಿ ಬಂದು ಸಹಿ ಮಾಡಿ, ಅರ್ಧ ಆ ಕಾಗದದ ಮೇಲೆ, ಅರ್ಧ ಹಾಳೆಯ ಮೇಲೆ ಬೀಳುವ ಹಾಗೆ ದುಂಡು ಮೊಹರು ಒತ್ತಿದರು. ಅಂಟಿನ ಮೇಲೆ ಸಹಿ. 309 ಮೀಟರ್ ಸುರುಳಿಯ ದ್ಯಾಕ್ ಮಾಡಿದ್ದೂ ಇದನ್ನೇ ಅಲ್ವಾ? 'ಬಿಗಿ' ಅಂತ ನಾನು ಬರೆದ ಆ ಪದವೂ ಹಳೇದೇ, ದ್ಯಾಕ್‌ಗಳ ಸಹಿಗೆ 'ಸ್ಕ್ರೇಪ' ಅಂತಲೇ ಹೆಸರು. ನಾನು ದಾರ ಮುಟ್ಟಿ ನೋಡಿದೆ. "ಬಿಚ್ಚಬೇಡಿ" ಅಂತ ಗದರಿದಳು. ಬಿಚ್ಚಿದರೆ ಎಲ್ಲಾ ಹಾಳು.

ಹೊಲಿದ ಕಟ್ಟು ಹಿಡಿದುಕೊಂಡು ಟೀಚರ್‌ಗೆ ತೋರಿಸಿದೆ. ಚೆನ್ನಾಗಿ ಹೊಲಿದಿದ್ದಾರೆ ಅಂದರು. ಆಮೇಲೆ ತಮ್ಮ ಬ್ಯಾಗಿನಿಂದ ಪಾಸ್‌ಪೋರ್ಟ್ ತೆಗೆದರು. ಒಳಗಿನ ಪಾಸ್‌ಪೋರ್ಟ್ ಅದು, ವಿದೇಶಕ್ಕೆ ಹೋಗೋದಲ್ಲ. ಅಲ್ಲಿ ಪ್ರತಿಯೊಬ್ಬರ ಹತ್ತಿರವೂ ಇರುತ್ತದೆ. ಒಂದು ಪುಟದಲ್ಲಿ ಅವರ ಮನೆ ವಿಳಾಸದ ಮೊಹರು. ಈಗ ಅದರ ಹೆಸರು 'ನೋಂದಣಿ'. 1993ರ ಕಾನೂನಿನಿಂದ ಹಾಗಾಯಿತು. ಅದಕ್ಕೂ ಮುಂಚೆ 'ಪ್ರೊಪೀಸ್ಕ'. ಸ್ಟಾಲಿನ್ ಕಾಲದಲ್ಲಿ, 1932ರ ಡಿಸೆಂಬರಿನಲ್ಲಿ ತಂದದ್ದು. ಈ ಮೊಹರಿಲ್ಲದೆ ನಗರದಲ್ಲಿ ಇರುವ ಹಾಗಿಲ್ಲ, ಕೆಲಸ ಸಿಗಲ್ಲ. ಕೆಲಸ ಇಲ್ಲದೆ ಮೊಹರು ಸಿಗೋದೂ ಕಷ್ಟ.

"ನಮ್ಮಮ್ಮನಿಗೆ ಪಾಸ್‌ಪೋರ್ಟೇ ಇರಲಿಲ್ಲ," ಅಂದರು. ಅವರಮ್ಮ ಸಾಮೂಹಿಕ ಕೃಷಿಯ ಹಳ್ಳಿಯವರು. ಆ ರೈತರಿಗೆ ಪಾಸ್‌ಪೋರ್ಟ್ ಕೊಡುತ್ತಿರಲಿಲ್ಲ. ಹಳ್ಳಿ ಬಿಟ್ಟು ಸ್ವಲ್ಪ ದಿನ ಹೊರಗೆ ಹೋಗಬೇಕಾದರೂ ಒಂದು ಚೀಟಿ ಬೇಕು. ಎಲ್ಲರಿಗೂ ಕೊಡಬೇಕು ಅಂತ ನಿರ್ಧಾರ ಆದದ್ದು 1974ರಲ್ಲಿ, ಹಂಚೋಕೆ ಶುರು ಮಾಡಿದ್ದು 1976ರಲ್ಲಿ. ಅಮ್ಮನಿಗೆ ಆಗ ಐವತ್ತರ ಹತ್ತಿರ. ಫೋಟೊ ತೆಗೆಸೋಕೆ ಮದುವೆಯ ಶಾಲು ಹೊದ್ದು ಹೋಗಿದ್ದರಂತೆ. ಬಂದ ಮೇಲೆ ಅದನ್ನು ಎಲ್ಲಿಗೂ ತೆಗೆದುಕೊಂಡು ಹೋಗಲಿಲ್ಲ. ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು, ವರ್ಷಕ್ಕೊಮ್ಮೆ ತೆಗೆದು ನೋಡುತ್ತಿದ್ದರು.

ಟೀಚರ್ ಇದನ್ನು ದುಃಖದಿಂದ ಹೇಳಲಿಲ್ಲ. ಹೇಳಿ, ಪಾಸ್‌ಪೋರ್ಟನ್ನು ಅದರ ಪ್ಲಾಸ್ಟಿಕ್ ಕವರಿನೊಳಗೆ ಸರಿಯಾಗಿ ತೂರಿಸಿ, ಕವರಿನ ಮೂಲೆ ಒತ್ತಿ, ಬ್ಯಾಗಿಗೆ ಹಾಕಿಕೊಂಡರು. ನಾನು ಅಲ್ಲಿಯವರೆಗೆ ನನ್ನ ಕಾಗದಗಳನ್ನು ಬೈದುಕೊಂಡೇ ಓಡಾಡುತ್ತಿದ್ದೆ. ಅವತ್ತು ಸಂಜೆ ಒಂದು ಗಟ್ಟಿ ಫೋಲ್ಡರ್ ಕೊಂಡೆ.

ತಿದ್ದುಪಡಿಯ ಪ್ರಿಕಾಸ್ ನವೆಂಬರ್ ಮೂರನೇ ವಾರ ಬಂತು. ಅದರ ಮೇಲೆ ಹೊಸ ಶಿಫಾರಸು ಪತ್ರ. ಎಲ್ಲದರಲ್ಲೂ 'ದ್', ಪಕ್ಕದಲ್ಲಿ ಜೀರುಂಡೆ. ಹಾಸ್ಟೆಲಿನ ಅಣ್ಣ ಎಲ್ಲಾ ಕಾಗದ ಮಂಚದ ಮೇಲೆ ಹರಡಿ ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿದರು. ಆಮೇಲೆ ಒಂದು ಚಾಕ್ಲೇಟ್ ಡಬ್ಬಿ ತಗೊಂಡು ಹೋಗು ಅಂದರು. ಲಂಚ ಅಲ್ಲೇನಣ್ಣಾ ಅಂದೆ. "ಮೂರು ಸಾವಿರ ರೂಬಲ್ ಒಳಗಿನ ಉಡುಗೊರೆ ಕಾನೂನಿನ್ಯಾಗ ನಡೀತೈತಿ" ಅಂದರು. ಸಿವಿಲ್ ಸಂಹಿತೆಯ 575ನೇ ಕಲಂನಲ್ಲಿ ಆ ಮಿತಿ ಇರೋದು ನಿಜ, ಆದರೆ ಸರ್ಕಾರಿ ನೌಕರರು ತಮ್ಮ ಕೆಲಸಕ್ಕೆ ಸಂಬಂಧಿಸಿ ಉಡುಗೊರೆ ತಗೊಳ್ಳೋದನ್ನು ಬೇರೆ ಕಾನೂನು ತಡೆಯುತ್ತದೆ. ಈ ದೇಶದಲ್ಲಿ ಅಧಿಕಾರಿಗೆ ಜನ ಏನಾದರೂ ಕೊಡುವುದು ಇವತ್ತಿನದಲ್ಲ. ಹಳೇ ಮಾಸ್ಕೋದಲ್ಲಿ ಪ್ರಾಂತ್ಯಕ್ಕೆ ಕಳಿಸಿದ ಅಧಿಕಾರಿಗೆ ಸಂಬಳವೇ ಇರಲಿಲ್ಲ, ಅಲ್ಲಿನ ಜನರೇ ಅವನಿಗೆ ಧಾನ್ಯ, ಮಾಂಸ, ಹುಲ್ಲು ಕೊಟ್ಟು ಸಾಕಬೇಕಿತ್ತು. ಆ ಪದ್ಧತಿಯ ಹೆಸರೇ 'ಕೊರ್ಮ್ಲೇನಿಯೆ', ಅಂದರೆ ಉಣಿಸುವುದು. ಇವಾನ್ ದಿ ಟೆರಿಬಲ್ ಅನ್ನೋ ದೊರೆ 1550ರ ದಶಕದಲ್ಲಿ ಅದನ್ನು ತೆಗೆದ. ನಾನು ಡಬ್ಬಿ ಕೊಳ್ಳಲಿಲ್ಲ. ಧೈರ್ಯ ಇರಲಿಲ್ಲ ಅಷ್ಟೇ, ತತ್ವ ಗಿತ್ವ ಏನಿಲ್ಲ.

ಈ ಸಲ ಐದು ಗಂಟೆಗೇ ಹೋದೆ. ಕೈಬರಹದ ಹಾಳೆಯಲ್ಲಿ ನನ್ನದು ಏಳನೇ ಹೆಸರು. ಕೊನೆಯವರು ಯಾರು ಅಂತ ನಾನೇ ಕೇಳಿದೆ, ನನ್ನ ಹಿಂದೆ ಬಂದವರಿಗೆ ನಾನೇ ಕೈ ಎತ್ತಿದೆ. ಒಬ್ಬ ಹೊಸ ಹುಡುಗ ಬಾಗಿಲಿಗೆ ಆತುಕೊಂಡು ನಿಂತಾಗ ಎಲ್ಲರ ಜೊತೆ ಸೇರಿ ನಾನೂ ಗದರಿದೆ. ಹತ್ತೂವರೆಗೆ ನನ್ನ ಸರದಿ ಬರಬೇಕು ಅನ್ನುವಾಗ ಕಿಟಕಿಗೆ 'ತಾಂತ್ರಿಕ ವಿರಾಮ, 20 ನಿಮಿಷ' ಅಂತ ಬೋರ್ಡ್ ಬಂತು. ಆ ಬೋರ್ಡಿನ ಹಿಂದೆ ಆ ಹೆಂಗಸು ಕಳ್ಳಿ ಗಿಡಕ್ಕೆ ಟೀ ಲೋಟದಲ್ಲಿ ನೀರು ಹಾಕುತ್ತಿದ್ದದ್ದು ಕಾಣಿಸುತ್ತಿತ್ತು.

ವಿಮಾನ ಟಿಕೆಟ್ಟಿನಿಂದ ಹಿಡಿದು ಆಸ್ಪತ್ರೆ ಅಪಾಯಿಂಟ್‌ಮೆಂಟ್ ತನಕ ಆ ದೇಶದ ಜನ ಎಲ್ಲಾ ಫೋನಿನಲ್ಲೇ ಮಾಡುತ್ತಾರೆ, ಸರ್ಕಾರದ 'ಗೊಸುಸ್ಲುಗಿ' ಪೋರ್ಟಲ್ 2009ರಿಂದ ಇದೆ, ಅದು ಚೆನ್ನಾಗಿಯೂ ಕೆಲಸ ಮಾಡುತ್ತದೆ. ನಮ್ಮ ಹಾಸ್ಟೆಲಿನ ರಷ್ಯನ್ ಹುಡುಗರಿಗೆ ನಾನು ಐದು ಗಂಟೆಗೆ ಎದ್ದು ಸಾಲಿಗೆ ಹೋಗುವುದು ಕೇಳಿ ನಗು. ಅವರ ಅಜ್ಜಂದಿರ ರಷ್ಯಾವನ್ನು ನಾವು ವಿದೇಶಿಯರು ಇನ್ನೂ ಬಾಳುತ್ತಿದ್ದೇವೆ ಅಂತ ಕಾಣುತ್ತೆ.

"ಖೊನ್ನಾಪ್ಪಾ!"

ಈ ಸಲ ತಕ್ಷಣ ಎದ್ದೆ. ಎರಡು ಬೆರಳು ಮತ್ತೆ ಎರಡು ಕಾಗದದ ಮೇಲೆ ಹೊರಟವು. ಹೆಸರಿನ ಹತ್ತಿರ ನಿಂತವು. ನನಗೆ ಹೊಟ್ಟೆ ತಿರುಚಿದ ಹಾಗಾಯಿತು. ಮುಂದೆ ಹೋದವು. ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್, ಮೈಗ್ರೇಷನ್ ಕಾರ್ಡ್. ಹೊಲಿದ ಕಟ್ಟನ್ನು ತಿರುಗಿಸಿ ಹಿಂದಿನ ಗಂಟು ನೋಡಿದರು, ಬೆರಳಿಂದ ಮೊಹರನ್ನು ಒಮ್ಮೆ ಉಜ್ಜಿದರು. ಫಾರಂನಲ್ಲಿ ಒಂದು ಕಡೆ ನಾನು ಗೆರೆ ದಾಟಿ ಬರೆದಿದ್ದೆ. ನಾಲಿಗೆ ಲೊಚಗುಟ್ಟಿ, ಹೊಸ ಫಾರಂ ಕೊಡದೆ, ತಾವೇ ಪೆನ್ನು ತಗೊಂಡು ಸರಿ ಮಾಡಿದರು. ಮೂರು ವಾರ ಬಿಟ್ಟು ಬನ್ನಿ ಅಂದರು.

ಲೆಕ್ಕ ಹಾಕಿದೆ. ಮೂರು ವಾರಕ್ಕೆ ಸರಿಯಾಗಿ ಎರಡು ದಿನ ಮೊದಲು ನನ್ನ ವೀಸಾ ಮುಗಿಯಬೇಕು ಅಂತ ಬೆವರಿದೆ. ಮತ್ತೆ ಲೆಕ್ಕ ಹಾಕಿದೆ, ಎರಡು ದಿನ ಉಳಿಯುತ್ತಿತ್ತು.

ಡಿಸೆಂಬರಿನಲ್ಲಿ ಹೋದಾಗ ಮೈನಸ್ ಹದಿನೆಂಟು. ಒಳಗಿನ ಹೀಟರ್ ಹತ್ತಿರ ಎಲ್ಲರ ಕೋಟಿನಿಂದ ಹಿಮ ಕರಗಿ ನೆಲ ಕೆಸರಾಗಿತ್ತು. ಪಾಸ್‌ಪೋರ್ಟ್ ಕಿಟಕಿಯಿಂದ ಹೊರಗೆ ಜಾರಿ ಬಂತು. ವೀಸಾ ಪುಟ ತೆಗೆದು ಮೊದಲು ಹೆಸರು ನೋಡಿದೆ. 'ದ್' ಇದೆ. ಜೀರುಂಡೆ ಇದೆ. ರಿಜಿಸ್ಟರಿನಲ್ಲಿ ಸಹಿ ಮಾಡೋಕೆ ಹೇಳಿದರು, ಕನ್ನಡದಲ್ಲಿ ಮಾಡಿದೆ, ನನ್ನ ಸಹಿ ಇರೋದೇ ಹಾಗೆ. ಅವರು ರಿಜಿಸ್ಟರ್ ತಮ್ಮ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಇದನ್ನ ನಿಜವಾಗಿ ಹೇಗೆ ಹೇಳೋದು?"

"ಜಗದೀಶ."

ತುಟಿ ಅಲ್ಲಾಡಿಸಿ ಒಂದು ಸಲ ಹೇಳಿ ನೋಡಿದರು. 'ಜ' ಸರಿ ಬಂತು, ಆದರೆ 'ದೀ' ಹೋಗಿ 'ಜಾಗ್ದಿಶ' ಆಯಿತು. ಇನ್ನೊಂದು ಸಲ ಹೇಳಲಿಲ್ಲ. ಕನ್ನಡಕ ಮೇಲೆ ತಳ್ಳಿಕೊಂಡು, ನನ್ನ ತಲೆಯ ಮೇಲಿಂದ ಕಾರಿಡಾರಿನ ಕಡೆ ನೋಡಿ ಕೂಗಿದರು.

"ಸ್ಲೇದುಯುಶಿ!" ಮುಂದಿನವರು.

ನನ್ನ ಹಿಂದಿದ್ದ ಅಜ್ಜ ಆಗಲೇ ಕಿಟಕಿಗೆ ಬಾಗಿದ್ದ.